ನೀಲಿ ‘ಇ’ ಮತ್ತು ಗೋಡೆಯೊಳಗಿನ ವೈರು

ನಾನು ವೆಸ್ಟ್‌ಲ್ಯಾಂಡ್ಸ್‌ನ ಒಂದು ಕಟ್ಟಡದಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ಓದಿದ್ದು ಸರ್ಕಾರಿ ಐಟಿಐನಲ್ಲಿ ಎರಡು ವರ್ಷ, ಅಷ್ಟೇ. ಇತಿಹಾಸ ಬರೆಯೋದು ನನ್ನ ಕೆಲಸ ಅಲ್ಲ. ಆದರೂ ಈ ಸಲ ಒಂದು ಹಳೇ ಜಗಳದ ಚರಿತ್ರೆ ಬರೀತಿದ್ದೀನಿ. ಕಂಪ್ಯೂಟರ್ ಜೊತೆಗೇ ಬರುವ ಬ್ರೌಸರನ್ನು ಕಿತ್ತು ಹಾಕಬಹುದೋ ಇಲ್ಲವೋ ಅನ್ನೋ ಜಗಳ ಅದು. ನಡೆದದ್ದು ಅಮೆರಿಕದ ಕೋರ್ಟಿನಲ್ಲಿ. ಅದನ್ನು ನಾನು ಹುಡುಕಿಕೊಂಡು ಓದಿದ್ದು ಮಾತ್ರ ನಮ್ಮ ಗೇಟಿನ ಅಸ್ಕಾರಿಯ ದೆಸೆಯಿಂದ.

2022ರ ಜನವರಿಯಲ್ಲಿ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ನಾನೇ ಆಫ್ ಮಾಡಿದೆ. ಅದು ವೈರಸ್ಸಿಗೆ ತೆರೆದ ಬಾಗಿಲು ಅಂತ ಓದಿದ್ದೆ. ಕಂಟ್ರೋಲ್ ಪ್ಯಾನಲ್‌ಗೆ ಹೋಗಿ, ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಟಿಕ್ ತೆಗೆದು, ರೀಸ್ಟಾರ್ಟ್ ಮಾಡಿದೆ. ಐದು ನಿಮಿಷದ ಕೆಲಸ. ಯಾರಿಗೂ ಹೇಳಲಿಲ್ಲ. ಯುಗಾದಿಗೆ ಅಂತ ಮಾರ್ಚ್ ಕೊನೆಗೆ ರಜೆ ಹಾಕಿ ಊರಿಗೆ ಹೋದೆ.

ಹಬ್ಬ ಮುಗಿದ ಮೇಲೆ ಒಂದು ದಿನ ಸೂಪರ್‌ವೈಸರ್ ಫೋನ್ ಬಂತು. ಸ್ಟೋರಿನಿಂದ ತಾಮ್ರದ ಕೇಬಲ್ಲಿನ ಒಂದು ಸುರುಳಿ ಕಾಣೆಯಾಗಿ ಆಗಲೇ ಹನ್ನೆರಡು ದಿನ ಆಗಿತ್ತಂತೆ. ರಾತ್ರಿ ಪಾಳಿಯ ಅಸ್ಕಾರಿ ಮೇಲೆ ಅನುಮಾನ ಬಂದು ಅವನನ್ನು ಮನೆಗೆ ಕಳಿಸಿದ್ದರು. ಕ್ಯಾಮೆರಾ ನೋಡೋಣ ಅಂದರೆ ಕಂಪ್ಯೂಟರಿನಲ್ಲಿ ಚಿತ್ರವೇ ಬರ್ತಿಲ್ಲ. ನಮ್ಮ ರೆಕಾರ್ಡಿಂಗ್ ಡಬ್ಬಿ ಹಳೇದು, ಅದಕ್ಕೆ ಬೇರೆ ಮಾನಿಟರ್ ಇಲ್ಲ. ಅದರ ಚಿತ್ರ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆಯುತ್ತಿತ್ತು. ಹದಿನಾಲ್ಕು ದಿನ ಆದಮೇಲೆ ಹಳೇದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಅಂದರೆ ಉಳಿದಿದ್ದು ಎರಡೇ ದಿನ. ಫೋನ್ ಹಿಡಿದುಕೊಂಡೇ ನನಗೆ ಬೆವರು ಬಂತು. ಈ ಕಥೆಯ ಕೊನೆ ಆಮೇಲೆ ಹೇಳ್ತೀನಿ, ಮೊದಲು ಚರಿತ್ರೆ.

ನಮ್ಮ ಕೆಲಸದಲ್ಲಿ ಎರಡು ಥರದ ಫಿಟ್ಟಿಂಗ್ ಇರ್ತವೆ. ಟೇಬಲ್ ಫ್ಯಾನ್ ಆದರೆ ಪ್ಲಗ್ ಕಿತ್ತರೆ ಮುಗೀತು. ಗೋಡೆಯೊಳಗೆ ಪೈಪ್ ಹಾಕಿ ಎಳೆದ ವೈರಿಂಗ್ ಹಾಗಲ್ಲ. ಅದನ್ನು ಕೀಳಬೇಕಾದರೆ ಗೋಡೆ ಒಡೆಯಬೇಕು. ಬ್ರೌಸರ್ ಶುರುವಾದದ್ದು ಟೇಬಲ್ ಫ್ಯಾನ್ ಆಗಿ. 1994ರ ಡಿಸೆಂಬರಿನಲ್ಲಿ ನೆಟ್‌ಸ್ಕೇಪ್ ಕಂಪನಿಯ ನ್ಯಾವಿಗೇಟರ್ ಬಂತು. ಬೇಕಾದವರು ತಂದು ಹಾಕಿಕೊಳ್ಳುತ್ತಿದ್ದರು. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದಾಗ ಮೈಕ್ರೋಸಾಫ್ಟ್‌ನ ಎಕ್ಸ್‌ಪ್ಲೋರರ್ ಕೂಡ ‘ಪ್ಲಸ್’ ಅನ್ನೋ ಬೇರೆ ಪ್ಯಾಕಿನಲ್ಲಿತ್ತು. ಅದನ್ನೂ ಸ್ಪೈಗ್ಲಾಸ್ ಅನ್ನೋ ಕಂಪನಿಯಿಂದ ಲೈಸೆನ್ಸ್ ಪಡೆದ ಕೋಡ್ ಮೇಲೆ ಕಟ್ಟಿದ್ದು. ಆಮೇಲೆ ಹೊಸ ಕಂಪ್ಯೂಟರುಗಳ ಜೊತೆಗೇ ಪುಕ್ಕಟೆ ಕೊಡೋಕೆ ಶುರು ಮಾಡಿದರು. ಪುಕ್ಕಟೆ ಸಿಕ್ಕಿದ್ದು ಕಣ್ಣೆದುರಿಗೇ ಇರುವಾಗ ಬೇರೆದನ್ನು ಹುಡುಕಿಕೊಂಡು ಹೋಗುವವರು ಯಾರು? ನೆಟ್‌ಸ್ಕೇಪ್‌ಗೆ ಉಸಿರು ಕಟ್ಟಿತು.

1997ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೋರ್ಟಿಗೆ ಹೋಯಿತು. ಡಿಸೆಂಬರಿನಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜ್ಯಾಕ್ಸನ್ ಅವರು, ಬ್ರೌಸರ್ ಬೇಡ ಅನ್ನುವ ಕಂಪ್ಯೂಟರ್ ತಯಾರಕರಿಗೆ ಅದಿಲ್ಲದ ವಿಂಡೋಸ್ ಕೊಡಿ ಅಂತ ಆದೇಶ ಮಾಡಿದರು. ಕಂಪನಿಯವರು, ಆ ಫೈಲುಗಳನ್ನೆಲ್ಲ ತೆಗೆದರೆ ವಿಂಡೋಸ್ ಓಡುವುದೇ ಇಲ್ಲ ಅಂದರು. ಆಗ ಕೋರ್ಟಿನಲ್ಲೇ ಒಂದು ಕಂಪ್ಯೂಟರಿನಲ್ಲಿ ‘ಆ್ಯಡ್/ರಿಮೂವ್’ ಒತ್ತಿ ನೋಡಿದರು. ತೊಂಬತ್ತು ಸೆಕೆಂಡಿನೊಳಗೆ ಎಕ್ಸ್‌ಪ್ಲೋರರ್ ಹೋಯಿತು, ವಿಂಡೋಸ್ ಓಡುತ್ತಲೇ ಇತ್ತು. ಹೋದದ್ದು ಮೇಲಿನ ಸ್ವಿಚ್ಚು ಮಾತ್ರ, ಒಳಗಿನ ವೈರೆಲ್ಲ ಅಲ್ಲೇ ಇದೆ ಅಂತ ಕಂಪನಿ ವಾದ. ಒಬ್ಬ ಎಲೆಕ್ಟ್ರಿಷಿಯನ್ ಆಗಿ ಹೇಳೋದಾದರೆ, ಇಬ್ಬರ ಮಾತಿನಲ್ಲೂ ಸತ್ಯ ಇತ್ತು.

1998ರ ಮೇ 18ರಂದು ನ್ಯಾಯ ಇಲಾಖೆಯೂ ಹಲವು ರಾಜ್ಯಗಳೂ ಸೇರಿ ದೊಡ್ಡ ಕೇಸು ಹಾಕಿದವು. ಮರು ತಿಂಗಳೇ ಬಂದ ವಿಂಡೋಸ್ 98ರಲ್ಲಿ ಆ ‘ಆ್ಯಡ್/ರಿಮೂವ್’ ಪಟ್ಟಿಯಿಂದ ಎಕ್ಸ್‌ಪ್ಲೋರರಿನ ಹೆಸರೇ ಮಾಯ! ಟೇಬಲ್ ಫ್ಯಾನ್ ಗೋಡೆಯೊಳಗೆ ಸೇರಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಅನ್ನೋ ಮೇಷ್ಟ್ರು ಅದನ್ನೂ ತೆಗೆಯುವ ಒಂದು ಪ್ರೋಗ್ರಾಂ ಬರೆದು ಸಾಕ್ಷಿ ಹೇಳಿದರು. ಅದನ್ನು ಹಾಕಿದರೆ ವಿಂಡೋಸ್ ನಿಧಾನ ಆಗ್ತದೆ ಅಂತ ತೋರಿಸೋಕೆ 1999ರ ಫೆಬ್ರವರಿಯಲ್ಲಿ ಕಂಪನಿಯ ಜಿಮ್ ಆಲ್ಚಿನ್ ಒಂದು ವಿಡಿಯೋ ತಂದರು. ಸರ್ಕಾರದ ವಕೀಲ ಡೇವಿಡ್ ಬಾಯಿಸ್ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ವಿಂಡೋದ ತಲೆಪಟ್ಟಿಯ ಅಕ್ಷರ ಒಂದು ಕಡೆ ಇದ್ದ ಹಾಗೆ ಇನ್ನೊಂದು ಕಡೆ ಇಲ್ಲ ಅಂತ ತೋರಿಸಿದರು. ಆ ವಿಡಿಯೋದ ಮೇಲಿನ ನಂಬಿಕೆ ಹೋಯಿತು.

2000ದ ಜೂನಿನಲ್ಲಿ ಜ್ಯಾಕ್ಸನ್ ಅವರು ಕಂಪನಿಯನ್ನು ಎರಡು ಭಾಗ ಮಾಡಿ ಅಂದರು. 2001ರ ಜೂನ್ 28ರಂದು ಮೇಲಿನ ಕೋರ್ಟು ಆ ಭಾಗ ಮಾಡುವ ಆದೇಶವನ್ನು ರದ್ದು ಮಾಡಿತು. ಆದರೆ ಪಟ್ಟಿಯಿಂದ ಹೆಸರು ತೆಗೆದದ್ದು, ಬ್ರೌಸರ್ ಕೋಡನ್ನೂ ವಿಂಡೋಸ್ ಕೋಡನ್ನೂ ಬೇಕಂತಲೇ ಬೆರೆಸಿದ್ದು ತಪ್ಪು ಅನ್ನೋದನ್ನು ಎತ್ತಿ ಹಿಡಿಯಿತು. ಕೊನೆಗೆ ರಾಜಿ ಆಯಿತು. 2002ರಲ್ಲಿ ಎಕ್ಸ್‌ಪಿಗೆ ಬಂದ ಮೊದಲ ಸರ್ವಿಸ್ ಪ್ಯಾಕಿನಲ್ಲಿ ಎಕ್ಸ್‌ಪ್ಲೋರರನ್ನು ಮರೆ ಮಾಡುವ ಸೌಲಭ್ಯ ಬಂತು. ಹೋಲ್ಡರಿನಿಂದ ಬಲ್ಬು ಬಿಚ್ಚಿದ ಹಾಗೆ, ಒಳಗೆ ಲೈನ್ ಇದ್ದೇ ಇತ್ತು.

ಅಷ್ಟರಲ್ಲಿ ನೆಟ್‌ಸ್ಕೇಪ್ ಮುಗಿದಿತ್ತು. ಜಗತ್ತಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಆ ನೀಲಿ ‘ಇ’ಯನ್ನೇ ಒತ್ತುತ್ತಿದ್ದರು. ಹಾಗಾಗಿ ಕಂಪನಿ, ಬ್ಯಾಂಕು, ಕ್ಯಾಮೆರಾ ಡಬ್ಬಿ ಮಾಡುವವರೆಲ್ಲ ಆ್ಯಕ್ಟಿವ್‌ಎಕ್ಸ್ ಅನ್ನೋ ಎಕ್ಸ್‌ಪ್ಲೋರರಿನ ಖಾಸಗಿ ಪ್ಲಗ್ಗಿಗೇ ತಮ್ಮ ಸಾಮಾನು ಜೋಡಿಸಿದರು. ಕನ್ನಡಕ್ಕೂ ಇದರ ಬಿಸಿ ತಟ್ಟಿದೆ. 1996ರಲ್ಲೇ ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಅಂತ ಅಂತರಜಾಲ ಪತ್ರಿಕೆ ಶುರು ಮಾಡಿದ್ದರು. ಯುನಿಕೋಡ್ ಎಲ್ಲ ಕಡೆ ಬರುವವರೆಗೆ ಎಷ್ಟೋ ಭಾರತೀಯ ಭಾಷೆಯ ತಾಣಗಳು ತಮ್ಮ ತಮ್ಮ ಫಾಂಟನ್ನು ಎಕ್ಸ್‌ಪ್ಲೋರರಿಗೆ ಒಗ್ಗುವ ಫೈಲಿನಲ್ಲಿ ಕಳಿಸುತ್ತಿದ್ದವು. ಐಟಿಐ ಓದುವಾಗ ನಾನು ದಾವಣಗೆರೆಯ ಬ್ರೌಸಿಂಗ್ ಸೆಂಟರಿನಲ್ಲಿ ಹದಿನೈದು ರೂಪಾಯಿ ಕೊಟ್ಟು ಕೂತು, ಫೈರ್‌ಫಾಕ್ಸಿನಲ್ಲಿ ಒಂದು ಕನ್ನಡ ಪುಟ ತೆರೆದರೆ ಬರೀ ಎ ಬಿ ಸಿ ಡಿ ಕಲಸುಮೇಲೋಗರ. “ಆ ನೀಲಿದು ಒತ್ತೋ ತಮ್ಮಾ” ಅಂದ ಅಂಗಡಿಯಣ್ಣ. ಒತ್ತಿದರೆ ಕನ್ನಡ ಬಂತು. ಅವತ್ತು ಅದು ಸೌಕರ್ಯ ಅನ್ನಿಸಿತ್ತು. ಕಟ್ಟಿ ಹಾಕಿದ್ದು ಗೊತ್ತಾಗಲಿಲ್ಲ.

ಎಕ್ಸ್‌ಪ್ಲೋರರನ್ನು ಟಿಕ್ ತೆಗೆದು ಆಫ್ ಮಾಡುವ ಅವಕಾಶ ಬಂದದ್ದು 2009ರಲ್ಲಿ, ವಿಂಡೋಸ್ 7ರ ಜೊತೆ. 2010ರಲ್ಲಿ ಯುರೋಪಿನವರಿಗೆ ‘ಯಾವ ಬ್ರೌಸರ್ ಬೇಕು’ ಅಂತ ಕೇಳುವ ಪರದೆ ಬಂತು. ಅದನ್ನು ಒಂದಷ್ಟು ಕಾಲ ತೋರಿಸದೇ ಇದ್ದದ್ದಕ್ಕೆ 2013ರಲ್ಲಿ ಮೈಕ್ರೋಸಾಫ್ಟ್ ಕಟ್ಟಿದ ದಂಡ 56.1 ಕೋಟಿ ಯೂರೋ. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರಿಗೆ ನಿವೃತ್ತಿ ಆಯಿತು. 2023ರ ಫೆಬ್ರವರಿ 14ರಂದು ವಿಂಡೋಸ್ 10ರಲ್ಲಿ ಅದನ್ನು ತೆರೆಯೋಕೇ ಆಗದ ಹಾಗೆ ಮಾಡಿದರು. ಈಗ ಅದರ ಜಾಗದಲ್ಲಿ ಎಡ್ಜ್ ಇದೆ. 2024ರಿಂದ ಯುರೋಪಿನ ಹೊಸ ಕಾನೂನಿನಿಂದಾಗಿ ಅಲ್ಲಿಯವರು ಎಡ್ಜನ್ನು ಸಲೀಸಾಗಿ ತೆಗೆಯಬಹುದು. ಆ ಸೌಲಭ್ಯ ನೈರೋಬಿಗೂ ಇಲ್ಲ, ದಾವಣಗೆರೆಗೂ ಇಲ್ಲ.

ಇನ್ನು ಅಸ್ಕಾರಿ ವಿಷಯ. ಊರಿನ ಕಟ್ಟೆ ಮೇಲೆ ಕೂತು ವಾಟ್ಸಾಪ್ ವಿಡಿಯೋದಲ್ಲಿ ಸೂಪರ್‌ವೈಸರಿಗೆ ಒಂದೊಂದೇ ಹೇಳಿಕೊಟ್ಟೆ. ಟಿಕ್ ಹಾಕಿಸಿ ರೀಸ್ಟಾರ್ಟ್ ಮಾಡಿಸಿದೆ. ನೀಲಿ ‘ಇ’ ವಾಪಸ್ ಬಂತು, ಚಿತ್ರವೂ ಬಂತು. ಕೇಬಲ್ ಹೋದದ್ದು ರಾತ್ರಿ ಅಲ್ಲ, ಹಾಡಹಗಲು ಮೂರು ಗಂಟೆಗೆ. ನಮ್ಮದೇ ಕಂಟ್ರ್ಯಾಕ್ಟರಿನ ಪಿಕಪ್ ಅದನ್ನು ಇನ್ನೊಂದು ಸೈಟಿಗೆ ಒಯ್ದಿತ್ತು. ರಿಜಿಸ್ಟರಿನಲ್ಲಿ ಬರೆದಿರಲಿಲ್ಲ ಅಷ್ಟೇ. ಅಸ್ಕಾರಿಯನ್ನು ಮಾರನೇ ದಿನವೇ ಕರೆಸಿದರು. ಮನೆಯಲ್ಲಿ ಕೂತ ದಿನಗಳ ಸಂಬಳ ಮಾತ್ರ ಹಿಡಿದಿದ್ದರು. ನಾನು ವಾಪಸ್ ಬಂದವನೇ ಆಫೀಸಿಗೆ ಹೋಗಿ, ತಪ್ಪು ನನ್ನದು, ಬ್ರೌಸರ್ ಆಫ್ ಮಾಡಿದವನು ನಾನೇ ಅಂತ ಒಪ್ಪಿಕೊಂಡೆ. ತಿಂಗಳ ಕೊನೆಗೆ ಅವನ ದುಡ್ಡು ಬಂತು.

ಗೇಟಿನಲ್ಲಿ ಅವನಿಗೆ “ಪೋಲೆ ಸಾನಾ, ಮ್ಜೇ” ಅಂದೆ. ಅವನು ಕೈ ಕುಲುಕಿ, “ಫುಂಡಿ, ನೀನು ಮೇನ್ ಸ್ವಿಚ್ ಇಳಿಸುವಾಗ ಬೋರ್ಡ್ ಮೇಲೆ ಚೀಟಿ ಕಟ್ತೀಯಲ್ಲ, ಅವತ್ತು ಯಾಕೆ ಕಟ್ಟಲಿಲ್ಲ?” ಅಂತ ಕೇಳಿದ. ಐಟಿಐನಲ್ಲಿ ನನಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ ಅದು. ಯಾವುದನ್ನೇ ಇಳಿಸುವ ಮೊದಲು ಅದರ ಮೇಲೆ ಯಾವ ಲೋಡ್ ಇದೆ ನೋಡು, ಇಳಿಸಿದ ಮೇಲೆ ಚೀಟಿ ಕಟ್ಟು.

ಆ ವರ್ಷದ ಕೊನೆಗೆ ಎಲ್ಲ ಬ್ರೌಸರಿನಲ್ಲೂ ತೆರೆಯುವ ಹೊಸ ಡಬ್ಬಿ ಹಾಕಿಸಿದೆವು. ಕಂಪ್ಯೂಟರಿನ ಪಕ್ಕದ ಗೋಡೆಗೆ ಈಗ ಒಂದು ಪುಸ್ತಕ ನೇತು ಹಾಕಿದ್ದೀನಿ. ಏನು ತೆಗೆದರೂ, ಏನು ಹಾಕಿದರೂ, ತಾರೀಕು ಹಾಕಿ ಅದರಲ್ಲಿ ಬರೀಬೇಕು. ಮೊದಲ ಸಾಲು ನನ್ನದೇ.