ಅಜ್ಜಿಯ ಕಥೆಗೆ ಸಾಕ್ಷಿಗಳು ಎಷ್ಟು?

ನಮ್ಮೂರು ಮಾರ್ಕಯನ್‌ಕೋಟ್ಟೈ, ಕಂಬಂ ಕಣಿವೆಯಲ್ಲಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ‘ನಾವು ಕಷ್ಟ ತಾಳ್ಲಾರ್ದೆ ಕನ್ನಡ ಸೀಮೆಯಿಂದ ಬಂದೋರು’ ಅಂತ ಅಜ್ಜಿ ಹೇಳೋರು. ಇದಕ್ಕೆ ಆಧಾರ ಹುಡುಕಲು ಹೊರಟೆ.

ಮೊದಲು ಆನ್‌ಲೈನಿನಲ್ಲಿ ‘ತೇನಿ’, ‘ಕನ್ನಡ’ ಎಂದು ಹುಡುಕಿದೆ, ಏನೂ ಸಿಗಲಿಲ್ಲ. ತೇನಿ ಜಿಲ್ಲೆಯಾದದ್ದೇ 1990ರ ದಶಕದಲ್ಲಿ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಕನ್ನಡ ಅಂದ್ರೆ ‘ಕೆನರೀಸ್’, ಮದುರೈ ಅಂದ್ರೆ ‘ಮಧುರಾ’. ಹಾಗೆ ಹುಡುಕಿದಾಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಎರಡು ಗ್ರಂಥ ಸಿಕ್ಕವು: ಡಬ್ಲ್ಯೂ. ಫ್ರಾನ್ಸಿಸ್ ಅವರ ಮಧುರಾ ಗೆಜೆಟಿಯರ್ (1906), ಥರ್ಸ್ಟನ್ ಮತ್ತು ರಂಗಾಚಾರಿಯವರ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳು (1909). ಎರಡರಲ್ಲೂ ಕಣಿವೆಯ ಕಪ್ಪಿಲಿಯರು ಕನ್ನಡದ ಒಕ್ಕಲಿಗರು, ಬಡಗಲಿಂದ ವಲಸೆ ಬಂದವರೆಂಬ ಐತಿಹ್ಯವಿದೆ. ಕಂಬಂನ ‘ತಂಬಿರಾನ್ ಮಾಡು’ ಎಂಬ ದೇವರ ದನಗಳ ಮಾತೂ ಇದೆ.

ಅಜ್ಜಿಯೂ ಸೇರಿ ಮೂರು ಸಾಕ್ಷಿ ಸಿಕ್ಕವು ಅಂತ ಹಿಗ್ಗಿದೆ. ಆಮೇಲೆ ಪಕ್ಕಪಕ್ಕ ಇಟ್ಟು ಓದಿದೆ. ಥರ್ಸ್ಟನ್ ಗೆಜೆಟಿಯರನ್ನೇ ಉದ್ಧರಿಸಿದ್ದಾರೆ. ಗೆಜೆಟಿಯರ್ ಬರೆದುಕೊಂಡಿದ್ದು ನಮ್ಮಂಥವರ ಹಿರಿಯರು ಹೇಳಿದ್ದನ್ನೇ. ಅಂದ್ರೆ ಮೂರೂ ಒಂದೇ ಬಾಯಿಮಾತು. ಅಚ್ಚಾದ ಮಾತ್ರಕ್ಕೆ ಅದು ಪುರಾವೆಯಾಗಲ್ಲ. ಆದರೆ ಕಥೆಗೆ ನೂರು ವರ್ಷಕ್ಕೂ ಮೀರಿದ ವಯಸ್ಸಿದೆ ಅನ್ನೋದಂತೂ ಖಚಿತ.

ಪುಸ್ತಕಗಳಲ್ಲಿ ಜಾತಿಯ ಹೆಸರಿದೆ, ಮುತ್ತಜ್ಜನ ಹೆಸರಿಲ್ಲ. ಅದಕ್ಕೆ ಚೆನ್ನೈ ಎಗ್ಮೋರಿನ ದಾಖಲೆ ಭಂಡಾರದಲ್ಲಿ ಊರಿನ ಸೆಟಲ್‌ಮೆಂಟ್ ರಿಜಿಸ್ಟರ್ ನೋಡಬೇಕು; ಅದರಲ್ಲಿ ಸರ್ವೆ ನಂಬರಿನ ಎದುರು ಪಟ್ಟಾದಾರರ ಹೆಸರಿರುತ್ತೆ. ಅದಕ್ಕೂ ಮುಂಚೆ ಅಜ್ಜಿಯ ಮಾತನ್ನು ರೆಕಾರ್ಡ್ ಮಾಡ್ಕೋಬೇಕು. ರಿಜಿಸ್ಟರ್ ಕಾಯುತ್ತೆ, ಅಜ್ಜಿಗೆ ವಯಸ್ಸಾಗಿದೆ.