ಕೊನೆಯ ನಿಮಿಷದ ಹೆಡರ್: ವಿಯೆಟ್ನಾಂನ ಲೇ ಕಾಂಗ್ ವಿನ್ ಕಥೆ

 ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ಗೋಲಿನ ಕಥೆ. ಹಾಗೇನೇ, ಒಂದು ಗೋಲಿನಿಂದ ಮಾತ್ರ ಒಬ್ಬ ಆಟಗಾರನನ್ನು ನೆನಪಿಟ್ಟುಕೊಂಡ್ರೆ ಏನೆಲ್ಲ ಕಳೆದುಕೊಳ್ತೀವಿ ಅನ್ನೋ ಕಥೆ.

2008ರ ಡಿಸೆಂಬರ್ 28, ಹನೋಯ್ ನಗರದ ಮಿ ದಿನ್ ಕ್ರೀಡಾಂಗಣ. ಆಗ್ನೇಯ ಏಷ್ಯಾ ದೇಶಗಳ ಎಎಫ್‌ಎಫ್ ಕಪ್ ಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಥಾಯ್ಲೆಂಡ್. ನಾಲ್ಕು ದಿನ ಮೊದಲು ಬ್ಯಾಂಕಾಕ್‌ನಲ್ಲಿ ವಿಯೆಟ್ನಾಂ 2-1ರಿಂದ ಗೆದ್ದಿತ್ತು. ಆದರೆ ಇಲ್ಲಿ ಥಾಯ್ಲೆಂಡ್‌ನ ತೀರಸಿಲ್ ದಾಂಗ್ಡಾ ಮೊದಲಾರ್ಧದಲ್ಲೇ ಗೋಲು ಹೊಡೆದ. ಒಟ್ಟು ಲೆಕ್ಕ 2-2. 90 ನಿಮಿಷ ಮುಗೀತು. ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗಬೇಕು ಅನ್ನುವಾಗ ವಿಯೆಟ್ನಾಂಗೆ ಒಂದು ಫ್ರೀ ಕಿಕ್ ಸಿಕ್ತು. ಮಿನ್ ಫುವಾಂಗ್ ಚೆಂಡನ್ನು ಪೆಟ್ಟಿಗೆಯೊಳಕ್ಕೆ ತೂರಿದ. 9ನೇ ನಂಬರಿನ ಹುಡುಗ ನೆಗೆದು ತಲೆ ತಾಗಿಸಿದ. ಚೆಂಡು ಬಲೆಯೊಳಗೆ!

ಆ ಹುಡುಗನೇ ಲೇ ಕಾಂಗ್ ವಿನ್. ಆಗ ವಯಸ್ಸು 23. ನಾನು ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಕಾಮೆಂಟರಿಯ ಒಂದು ಪದವೂ ನನಗೆ ಅರ್ಥ ಆಗಲ್ಲ. ಆದ್ರೂ ಆ ಧ್ವನಿ ಒಡೆದುಹೋಗೋದು ಗೊತ್ತಾಗುತ್ತೆ.

ಯಾಕಿಷ್ಟು ಸಂಭ್ರಮ? ಸ್ವಲ್ಪ ಹಿಂದಕ್ಕೆ ಹೋಗೋಣ. ವಿಯೆಟ್ನಾಂ ಇಬ್ಭಾಗವಾಗಿದ್ದ ಕಾಲದಲ್ಲಿ, 1959ರಲ್ಲಿ, ದಕ್ಷಿಣ ವಿಯೆಟ್ನಾಂ ತಂಡ ಪ್ರಾದೇಶಿಕ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತ್ತು. ಆಮೇಲೆ ಯುದ್ಧ, 1975ರಲ್ಲಿ ಯುದ್ಧದ ಅಂತ್ಯ, ಅದಾದ ಮೇಲೆ ದೀರ್ಘ ಏಕಾಂತ. ಒಂದಾದ ವಿಯೆಟ್ನಾಂ ಅಂತರರಾಷ್ಟ್ರೀಯ ಫುಟ್ಬಾಲ್‌ಗೆ ಮರಳಿದ್ದು 1991ರಲ್ಲಿ. 1998ರಲ್ಲಿ ಇದೇ ಟೂರ್ನಿಯ ಫೈನಲ್ ಹನೋಯ್‌ನಲ್ಲೇ ನಡೀತು. ಊರೆಲ್ಲ ಗೆಲುವಿಗೆ ಸಿದ್ಧವಾಗಿತ್ತು. ಸಿಂಗಪುರದ ಶಶಿಕುಮಾರ್ ಅನ್ನೋ ಡಿಫೆಂಡರ್‌ನ ಬೆನ್ನಿಗೆ ತಾಗಿದ ಚೆಂಡು ಗೋಲಾಗಿ, ವಿಯೆಟ್ನಾಂ 1-0ಯಿಂದ ಸೋತಿತು. ಇಲ್ಲ, ನೀವು ಅಂದುಕೊಂಡ ಶಶಿಕುಮಾರ್ ಅಲ್ಲ ಇವರು! ತಮಾಷೆ ಇರಲಿ, ಆ ನೋವು ಹತ್ತು ವರ್ಷ ಉಳೀತು. ಬೆನ್ನಿನಿಂದ ಕಳೆದುಕೊಂಡಿದ್ದನ್ನು ತಲೆಯಿಂದ ವಾಪಸ್ ಪಡೆದ ಹಾಗೆ ಆಯ್ತು 2008ರಲ್ಲಿ.

ಇಷ್ಟು ಎಲ್ಲರಿಗೂ ಗೊತ್ತಿರೋ ಕಥೆ. ನನಗೆ ಮುಖ್ಯ ಅನ್ನಿಸೋದು ಅದರ ಆಚೀಚೆ ಇರೋದು.

ವಿನ್ ಹುಟ್ಟಿದ್ದು 1985ರ ಡಿಸೆಂಬರ್ 10ರಂದು, ನೇ ಆನ್ ಪ್ರಾಂತ್ಯದಲ್ಲಿ. ಹೊ ಚಿ ಮಿನ್ ಹುಟ್ಟಿದ ಪ್ರಾಂತ್ಯವೂ ಇದೇ. ಬೇಸಿಗೆಯಲ್ಲಿ ಲಾವೋಸ್ ಕಡೆಯ ಬೆಟ್ಟ ದಾಟಿ ಬಿಸಿಗಾಳಿ ಬೀಸುತ್ತೆ, ಮಳೆಗಾಲದಲ್ಲಿ ಚಂಡಮಾರುತ. ಬಡವರ ನಾಡು, ಆದರೆ ಫುಟ್ಬಾಲ್ ಹುಚ್ಚಿನ ನಾಡು. ಅಲ್ಲಿನ ಕ್ಲಬ್ ಸಾಂಗ್ ಲಾಮ್ ನೇ ಆನ್. ಲಾಮ್ ನದಿಯ ಹೆಸರನ್ನೇ ಇಟ್ಟುಕೊಂಡಿದೆ. ಹಳ್ಳಿ ಹುಡುಗರನ್ನು ಎಳವೆಯಲ್ಲೇ ಆರಿಸಿ ಬೆಳೆಸೋದರಲ್ಲಿ ಅದಕ್ಕೆ ದೊಡ್ಡ ಹೆಸರು.

ಆ ಗರಡಿಯಲ್ಲಿ ವಿನ್‌ಗಿಂತ ಒಂದು ವರ್ಷ ದೊಡ್ಡವನೊಬ್ಬ ಇದ್ದ. ಫಾಮ್ ವಾನ್ ಕ್ವಿಯೆನ್. 2003ರಲ್ಲಿ, ಹಿಂದಿನ ವರ್ಷವಷ್ಟೇ ವಿಶ್ವಕಪ್ ಸೆಮಿಫೈನಲ್ ಆಡಿದ್ದ ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆದು ವಿಯೆಟ್ನಾಂಗೆ 1-0 ಗೆಲುವು ತಂದವನು ಅವನೇ. ಆಗಿನ್ನೂ 19 ವರ್ಷ. ದೇಶದ ಕಣ್ಮಣಿ ಅಂದ್ರೆ ಕ್ವಿಯೆನ್.

2005ರ ಸೀ ಗೇಮ್ಸ್. ಫಿಲಿಪ್ಪೀನ್ಸ್‌ನ ಬಕೊಲೊಡ್ ನಗರ. ಮ್ಯಾನ್ಮಾರ್ ವಿರುದ್ಧ ವಿಯೆಟ್ನಾಂ 1-0ಯಿಂದ ಗೆದ್ದಿತು. ಗೆದ್ದ ಮೇಲೆ ಇನ್ನೇನು ತಕರಾರು ಅಂತೀರಾ? ನೋಡಿ, ಬೆಟ್ಟಿಂಗ್‌ನವರು ಕೇಳಿದ್ದು ಸೋಲನ್ನಲ್ಲ. ಗೆಲ್ಲಿ, ಆದರೆ ಒಂದೇ ಗೋಲಿನಿಂದ ಗೆಲ್ಲಿ ಅಂತ. ಬಾಜಿ ಇದ್ದದ್ದು ಗೋಲಿನ ಅಂತರದ ಮೇಲೆ. ಕೇಳೋಕೆ ಎಷ್ಟು ಸಣ್ಣ ತಪ್ಪು ಅನ್ಸುತ್ತೆ ಅಲ್ವಾ? ದೇಶ ಗೆಲ್ಲುತ್ತೆ, ಜೇಬೂ ತುಂಬುತ್ತೆ. 20 ವರ್ಷದ ಹುಡುಗರನ್ನು ಬೀಳಿಸಿದ್ದು ಈ ಲೆಕ್ಕವೇ. 2007ರ ಜನವರಿಯಲ್ಲಿ ನ್ಯಾಯಾಲಯ ಆಟಗಾರರನ್ನು ತಪ್ಪಿತಸ್ಥರು ಎಂದಿತು. ಕ್ವಿಯೆನ್‌ಗೆ ಜೈಲುಶಿಕ್ಷೆ ಅಮಾನತಿನಲ್ಲಿ ಉಳಿಯಿತು, ಆದರೆ ಆಟದ ಒಳ್ಳೆಯ ವರ್ಷಗಳು ನಿಷೇಧದಲ್ಲಿ ಕಳೆದುಹೋದವು.

ವಿನ್ ಆ ಪ್ರಕರಣದಲ್ಲಿ ಇರಲಿಲ್ಲ. ಅದೇ ಪ್ರಾಂತ್ಯ, ಅದೇ ಕ್ಲಬ್, ಅದೇ ತಂಡ. ಇದನ್ನು ನಾನು ಒಳ್ಳೆಯವನು, ಕೆಟ್ಟವನು ಅಂತ ಎರಡು ಚೀಟಿ ಅಂಟಿಸೋಕೆ ಹೇಳ್ತಿಲ್ಲ. ಆದರೆ ಆ ಹಗರಣದ ನಂತರ ವಿಯೆಟ್ನಾಂನಲ್ಲಿ ಜನ ಆಟಗಾರರನ್ನು ನಂಬೋದನ್ನೇ ಬಿಟ್ಟಿದ್ದರು. 2007ರ ಏಷ್ಯನ್ ಕಪ್‌ನಲ್ಲಿ ಯುಎಇ ವಿರುದ್ಧ 2-0 ಗೆಲುವಿನಲ್ಲಿ ವಿನ್ ಒಂದು ಗೋಲು ಹೊಡೆದ. ಆತಿಥ್ಯ ವಹಿಸಿದ್ದ ನಾಲ್ಕು ದೇಶಗಳಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ದು ವಿಯೆಟ್ನಾಂ ಒಂದೇ. ಆಮೇಲೆ 2008ರ ಆ ಹೆಡರ್. ಅಂದ್ರೆ ಅವತ್ತು ಮಿ ದಿನ್‌ನಲ್ಲಿ ವಿಯೆಟ್ನಾಂಗೆ ಕಪ್ಪಿನ ಜೊತೆಗೆ ಕಳೆದುಹೋಗಿದ್ದ ನಂಬಿಕೆಯೂ ವಾಪಸ್ ಬಂತು.

ಹೀರೋ ಆದ ಮೇಲೆ? ಇಲ್ಲಿಂದ ಕಥೆ ನೇರ ಇಲ್ಲ.

2009ರಲ್ಲಿ ಪೋರ್ಚುಗಲ್‌ನ ಲೇಶೋಯಿಶ್ ಕ್ಲಬ್‌ಗೆ ಎರವಲಾಗಿ ಹೋದ. ಪೋರ್ತೊ ಪಕ್ಕದ ಬಂದರು ಊರು. ಯುರೋಪಿನ ಅಗ್ರ ವಿಭಾಗದ ಲೀಗ್‌ನಲ್ಲಿ ವಿಯೆಟ್ನಾಂನವನೊಬ್ಬ ಆಡಿದ್ದು ಅದೇ ಮೊದಲು. ಆದರೆ ಕೆಲವೇ ತಿಂಗಳು, ಬೆರಳೆಣಿಕೆ ಪಂದ್ಯ, ವಾಪಸ್. ನಮ್ಮ ಸುನಿಲ್ ಛೆಟ್ರಿ ನೆನಪಾದ್ರಾ? ಅವರೂ 2012ರಲ್ಲಿ ಪೋರ್ಚುಗಲ್‌ಗೆ, ಸ್ಪೋರ್ಟಿಂಗ್ ಕ್ಲಬ್‌ಗೆ ಹೋಗಿ, ಅದರ ಬಿ ತಂಡದಲ್ಲಿ ಸ್ವಲ್ಪ ಆಡಿ ಮರಳಿದರು. ಆಮೇಲೆ ಬೆಂಗಳೂರು ಎಫ್‌ಸಿ ನಾಯಕರಾದರು. ಇದೇ ಛೆಟ್ರಿ 2010ರಲ್ಲಿ ಪುಣೆಯಲ್ಲಿ ವಿಯೆಟ್ನಾಂ ವಿರುದ್ಧ ಹ್ಯಾಟ್ರಿಕ್ ಹೊಡೆದಿದ್ದರು. ಭಾರತ 3-1ರಿಂದ ಗೆದ್ದಿತ್ತು. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು ಸ್ಟ್ರೈಕರ್‌ಗಳು, ಇಬ್ಬರಿಗೂ ಒಂದೇ ಬಾಗಿಲು, ಇಬ್ಬರಿಗೂ ಅದು ಅರ್ಧ ಮಾತ್ರ ತೆರೆಯಿತು.

ಮನೆಗೆ ಮರಳಿದ ಮೇಲೂ ನೆಮ್ಮದಿ ಇರಲಿಲ್ಲ. ಹನೋಯ್ ಟಿ ಅಂಡ್ ಟಿ ತಂಡದೊಂದಿಗೆ 2010ರ ಲೀಗ್ ಗೆದ್ದ. ಮರುವರ್ಷದ ಕೊನೆಗೆ ಅದೇ ನಗರದ ಎದುರಾಳಿ ಕ್ಲಬ್ ಸೇರಿ, ದುಡ್ಡಿನ ಹಿಂದೆ ಹೋದ ಅಂತ ಬೈಸಿಕೊಂಡ. 2012ರ ಆಗಸ್ಟ್‌ನಲ್ಲಿ ಆ ಕ್ಲಬ್ಬಿನ ಹಿಂದಿದ್ದ ಬ್ಯಾಂಕ್ ಉದ್ಯಮಿಯ ಬಂಧನವಾಯ್ತು. ವರ್ಷ ಮುಗಿಯೋ ಹೊತ್ತಿಗೆ ಕ್ಲಬ್ಬೇ ಇಲ್ಲ. ಉದ್ಯಮಿಗಳ ದುಡ್ಡಿನ ಮೇಲೆ ನಿಂತ ಲೀಗ್ ಎಷ್ಟು ಟೊಳ್ಳು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ದೇಶದ ಅತಿ ದೊಡ್ಡ ತಾರೆ ಮತ್ತೆ ನೇ ಆನ್‌ಗೇ ಬಂದ. ಅಲ್ಲಿಂದ 2013ರಲ್ಲಿ ಜಪಾನಿನ ಎರಡನೇ ವಿಭಾಗದ ಕೊನ್ಸಾಡೊಲೆ ಸಪ್ಪೊರೊಗೆ, ಮತ್ತೆ ಎರವಲು. ಅರ್ಧ ಋತು ಅಷ್ಟೇ. ಆದರೆ ಅಲ್ಲಿ ಗೋಲು ಹೊಡೆದ, ಜಪಾನಿ ಅಭಿಮಾನಿಗಳು ಅವನ ಹೆಸರು ಕೂಗಿದರು.

ಕೊನೆಯ ಪಂದ್ಯ 2016ರ ಡಿಸೆಂಬರ್ 7ರಂದು. ಅದೇ ಮಿ ದಿನ್, ಅದೇ ಎಎಫ್‌ಎಫ್ ಕಪ್, ಇಂಡೋನೇಷ್ಯಾ ವಿರುದ್ಧ ಸೆಮಿಫೈನಲ್. ಗೋಲ್‌ಕೀಪರ್‌ಗೆ ಕೆಂಪು ಕಾರ್ಡ್. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಮುಗಿದಿತ್ತು, ಹಾಗಾಗಿ ಒಬ್ಬ ಡಿಫೆಂಡರ್ ಗ್ಲೌಸ್ ಹಾಕಿಕೊಂಡು ನಿಂತ. ಹೆಚ್ಚುವರಿ ಸಮಯದವರೆಗೂ ಹೋರಾಡಿ, ಒಟ್ಟು 4-3ರಿಂದ ವಿಯೆಟ್ನಾಂ ಹೊರಬಿತ್ತು. ವಿನ್ ನಿವೃತ್ತಿ ಹೇಳಿದ. 31 ತುಂಬಲು ಇನ್ನು ಮೂರೇ ದಿನ ಇತ್ತು. ದೇಶಕ್ಕಾಗಿ 83 ಪಂದ್ಯ, 51 ಗೋಲು. ವಿಯೆಟ್ನಾಂನ ಯಾರೂ ಅಷ್ಟು ಹೊಡೆದಿರಲಿಲ್ಲ. ಎರಡನೇ ಕಪ್ ಬಂದಿದ್ದು 2018ರಲ್ಲಿ, ಆತ ಇಲ್ಲದ ತಂಡಕ್ಕೆ.

ಹಾಗಾದ್ರೆ ಆತ ಗೆದ್ದನಾ, ಸೋತನಾ? ಪೋರ್ಚುಗಲ್, ಸಪ್ಪೊರೊ ಎರಡನ್ನೂ ಅಂಕಿಅಂಶದಲ್ಲಿ ನೋಡಿದ್ರೆ ಸಣ್ಣವೇ. ಆದರೆ ವಿಯೆಟ್ನಾಂ ಆಟಗಾರ ಹೊರದೇಶಕ್ಕೆ ಹೋಗಬಹುದು ಅನ್ನೋದನ್ನು ಆಡಿ ತೋರಿಸಿದವನು ಆತ. ಮೊದಲು ಹೋದವನ ಕಾಲಿಗೆ ಮುಳ್ಳು ಚುಚ್ಚುತ್ತೆ, ಹಿಂದೆ ಬರೋರಿಗೆ ಅದೇ ದಾರಿಯಾಗುತ್ತೆ.

ಆ ವಿಡಿಯೋ ಇನ್ನೊಮ್ಮೆ ನೋಡುವಾಗ ನಾನೀಗ ಚೆಂಡನ್ನು ಮಾತ್ರ ನೋಡಲ್ಲ. ಅದೇ ಮೈದಾನದಲ್ಲಿ ಇರಬೇಕಿದ್ದ, ಇಲ್ಲದೇ ಹೋದ ಕ್ವಿಯೆನ್ ಕೂಡ ನೆನಪಾಗ್ತಾನೆ. ಒಂದೇ ಗೋಲಿನ ಅಂತರ ಒಬ್ಬನನ್ನು ಮುಳುಗಿಸಿತು, ಒಂದೇ ಗೋಲು ಇನ್ನೊಬ್ಬನನ್ನು ಚರಿತ್ರೆಗೆ ಸೇರಿಸಿತು.