ಕ್ರೀಡೆಯ ವ್ಯಾಖ್ಯಾನ

ಕ್ರೀಡೆಯ ವ್ಯಾಖ್ಯಾನ ಎಂದರೆ ಸ್ಪರ್ಧೆಯ ರೂಪದಲ್ಲಿ ನಡೆಯುವ ಚಟುವಟಿಕೆಗಳಲ್ಲಿ ಯಾವುದನ್ನು ಕ್ರೀಡೆ ಎಂದು ಪರಿಗಣಿಸಬೇಕು, ಯಾವುದನ್ನು ಆಟ, ಕಲೆ ಅಥವಾ ಜೂಜು ಎಂದು ಬೇರ್ಪಡಿಸಬೇಕು ಎಂಬುದರ ವಿವೇಚನೆ. ಓಟ, ಕುಸ್ತಿ, ಹಾಕಿ, ಕಬಡ್ಡಿಗಳ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಚದುರಂಗ, ಬ್ರಿಜ್, ಕಂಬಳ, ಯೋಗಾಸನ, ಮೋಟಾರು ಓಟ, ವಿಡಿಯೊ ಗೇಮ್ ಮೊದಲಾದವುಗಳ ವಿಷಯದಲ್ಲಿ ಅಭಿಪ್ರಾಯಭೇದ ಇಂದಿಗೂ ಉಳಿದಿದೆ.

ಇದು ನಿಘಂಟಿಗೆ ಸೀಮಿತವಾದ ಚರ್ಚೆಯಲ್ಲ. ಕ್ರೀಡೆ ಎಂಬ ಮನ್ನಣೆ ದೊರೆತ ಚಟುವಟಿಕೆಗೆ ಸರ್ಕಾರದ ಅನುದಾನ, ತೆರಿಗೆ ವಿನಾಯಿತಿ, ಪ್ರಶಸ್ತಿ, ಉದ್ಯೋಗದಲ್ಲಿ ಕ್ರೀಡಾ ಕೋಟಾ ಮುಂತಾದ ಸೌಲಭ್ಯಗಳು ದೊರೆಯುತ್ತವೆ. ಭಾರತ ಸರ್ಕಾರವು 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಹುದ್ದೆಗಳ ಕ್ರೀಡಾ ಕೋಟಾಕ್ಕೆ ಪರಿಗಣಿಸುವ ಕ್ರೀಡೆಗಳ ಸಂಖ್ಯೆಯನ್ನು 43ರಿಂದ 63ಕ್ಕೆ ಏರಿಸಿತು. ಹೊಸದಾಗಿ ಸೇರಿದವುಗಳಲ್ಲಿ ಹಗ್ಗಜಗ್ಗಾಟ ಮತ್ತು ಮಲ್ಲಕಂಬ ಇದ್ದವು. ಅದಕ್ಕೂ ಹಿಂದಿನ ವರ್ಷ ಮಲ್ಲಕಂಬದಲ್ಲಿ ಗೆದ್ದವರ ಕೌಶಲವೇನೂ ಕಡಿಮೆಯದಾಗಿರಲಿಲ್ಲ. ಆದರೆ ಅವರ ಪ್ರಮಾಣಪತ್ರಕ್ಕೆ ಆ ಕೋಟಾದಲ್ಲಿ ಬೆಲೆಯಿರಲಿಲ್ಲ.

ಪದಗಳ ಹಿನ್ನೆಲೆ

ಕನ್ನಡದಲ್ಲಿ 'ಆಟ' ಎಂಬುದು ಬಹಳ ವಿಶಾಲವಾದ ಪದ. ಮಕ್ಕಳ ಆಟ, ಇಸ್ಪೀಟಿನ ಆಟ, ಬಯಲಾಟ, ಬೊಂಬೆಯಾಟ ಎಲ್ಲವೂ ಅದರಲ್ಲಿ ಅಡಗುತ್ತವೆ. ಕರಾವಳಿಯಲ್ಲಿ ಬರಿಯ 'ಆಟ' ಎಂದರೆ ಯಕ್ಷಗಾನವೆಂದೇ ಅರ್ಥ. 'ಕ್ರೀಡೆ' ಸಂಸ್ಕೃತದಿಂದ ಬಂದುದು. ಮೂಲದಲ್ಲಿ ಅದಕ್ಕೂ ಸ್ಪರ್ಧೆಗೂ ಸಂಬಂಧವಿಲ್ಲ. ಹಳಗನ್ನಡ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಒಂದಾದ ಜಲಕ್ರೀಡೆಯಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. 'ಪಂದ್ಯ' ಎಂಬ ಮಾತಿಗೆ ಪಣ, ಬಾಜಿ ಎಂಬ ಅರ್ಥವಿದೆ. 'ಪಂದ್ಯ ಕಟ್ಟುವುದು' ಎಂಬ ಬಳಕೆಯಲ್ಲಿ ಅದು ಈಗಲೂ ಉಳಿದಿದೆ. ಇಂದು ಕ್ರೀಡೆ ಎಂಬ ಒಂದೇ ಪದಕ್ಕೆ ದೇಹಶ್ರಮ, ನಿಯಮ, ಸ್ಪರ್ಧೆ, ಸಂಸ್ಥೆ ಇಷ್ಟನ್ನೂ ಹೊರಿಸಿರುವುದು ಆಧುನಿಕ ಕಾಲದ ಬಳಕೆ.

ತಾತ್ತ್ವಿಕ ವಿವೇಚನೆ

ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಅವರ 1953ರಲ್ಲಿ ಪ್ರಕಟವಾದ ಕೃತಿಯೊಂದರಲ್ಲಿ ಆಟದ ಉದಾಹರಣೆ ಪ್ರಸಿದ್ಧವಾಗಿದೆ. ಎಲ್ಲ ಆಟಗಳಿಗೂ ಸಮಾನವಾದ ಒಂದೇ ಲಕ್ಷಣವನ್ನು ಹುಡುಕಿದರೆ ಸಿಗುವುದಿಲ್ಲ. ಒಂದೇ ಮನೆತನದವರ ಮುಖಗಳಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಕಣ್ಣು ಹೋಲುವಂತೆ ಅವುಗಳಲ್ಲಿ ಅಲ್ಲಲ್ಲಿ ಹೋಲಿಕೆಗಳಷ್ಟೇ ಇರುತ್ತವೆ ಎಂಬುದು ಅವರ ನಿಲುವು.

ಇದನ್ನು ಒಪ್ಪದೆ ಆಟಕ್ಕೆ ಖಚಿತವಾದ ಲಕ್ಷಣ ಹೇಳಲು ಹೊರಟವರು ಬರ್ನಾರ್ಡ್ ಸೂಟ್ಸ್. 'ದಿ ಗ್ರಾಸ್‌ಹಾಪರ್' (1978) ಕೃತಿಯಲ್ಲಿ ಅವರು, ಅನಗತ್ಯವಾದ ಅಡೆತಡೆಗಳನ್ನು ಸ್ವಇಚ್ಛೆಯಿಂದ ಮೈಮೇಲೆ ಹಾಕಿಕೊಂಡು ಅವುಗಳನ್ನು ದಾಟುವ ಪ್ರಯತ್ನವೇ ಆಟ ಎಂದು ವಿವರಿಸಿದರು. ಕಬಡ್ಡಿಯನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಎದುರಾಳಿಯನ್ನು ಮುಟ್ಟಿ ಬರುವುದಷ್ಟೇ ಗುರಿಯಾಗಿದ್ದರೆ ಉಸಿರು ಬಿಗಿಹಿಡಿದು 'ಕಬಡ್ಡಿ ಕಬಡ್ಡಿ' ಎನ್ನುತ್ತಲೇ ಹೋಗಬೇಕಾದ ಅಗತ್ಯವಿಲ್ಲ. ಆ ಕಷ್ಟವನ್ನು ನಿಯಮವೇ ತಂದೊಡ್ಡುತ್ತದೆ. ಆ ಕಷ್ಟವಿಲ್ಲದಿದ್ದರೆ ಕಬಡ್ಡಿಯೂ ಇಲ್ಲ. ಇಂತಹ ಆಟಗಳಲ್ಲಿ ಕ್ರೀಡೆ ಎನಿಸಿಕೊಳ್ಳಲು ಇನ್ನೂ ನಾಲ್ಕು ಅಂಶಗಳು ಬೇಕೆಂದು ಸೂಟ್ಸ್ 1973ರ ಪ್ರಬಂಧದಲ್ಲಿ ಸೂಚಿಸಿದ್ದರು: ಅದು ಕೌಶಲದ ಆಟವಾಗಿರಬೇಕು, ಆ ಕೌಶಲ ದೈಹಿಕವಾಗಿರಬೇಕು, ಅದಕ್ಕೆ ವ್ಯಾಪಕವಾದ ಅನುಯಾಯಿಗಳಿರಬೇಕು, ಮತ್ತು ಅದು ಕಾಲಾಂತರದಲ್ಲಿ ಸ್ಥಿರವಾಗಿ ನೆಲೆಯೂರಿರಬೇಕು.

ಚಿನ್ನಿದಾಂಡು ಮೊದಲ ಎರಡು ಪರೀಕ್ಷೆಗಳಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಚಿಮ್ಮಿದ ಚಿನ್ನಿಯನ್ನು ಗಾಳಿಯಲ್ಲಿಯೇ ಹೊಡೆಯುವುದು ಕ್ರಿಕೆಟಿನ ಹೊಡೆತಕ್ಕಿಂತ ಸುಲಭವೇನಲ್ಲ. ಅದನ್ನು ಆಡಿದವರ ಸಂಖ್ಯೆಯೂ ಸಣ್ಣದಲ್ಲ. ಅದು ಹಿಂದುಳಿದದ್ದು ಸಂಘಟನೆಯಲ್ಲಿ: ಅಳತೆ, ಎಣಿಕೆ, ಔಟಾಗುವ ಬಗೆ ಊರಿಂದೂರಿಗೆ, ಕೆಲವೆಡೆ ಬೀದಿಯಿಂದ ಬೀದಿಗೆ ಬೇರೆ. ಹುತುತು, ಚೆಡುಗುಡು ಮುಂತಾದ ಹೆಸರುಗಳಲ್ಲಿ ನಾನಾ ರೀತಿಯಾಗಿ ಆಡುತ್ತಿದ್ದ ಕಬಡ್ಡಿಯೂ ಒಮ್ಮೆ ಇದೇ ಸ್ಥಿತಿಯಲ್ಲಿತ್ತು. ಏಕರೂಪದ ನಿಯಮಗಳು, ಒಕ್ಕೂಟಗಳು, ತರಬೇತಾದ ತೀರ್ಪುಗಾರರು ಬಂದ ಬಳಿಕ ಅದು 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾಯಿತು. ಇತಿಹಾಸಕಾರ ಅಲೆನ್ ಗಟ್‌ಮನ್ 1978ರ ಗ್ರಂಥದಲ್ಲಿ ಆಧುನಿಕ ಕ್ರೀಡೆಗೆ ಹೇಳಿರುವ ಏಳು ಲಕ್ಷಣಗಳಲ್ಲಿ ಆಡಳಿತ ವ್ಯವಸ್ಥೆ, ಅಂಕಿಅಂಶ ಮತ್ತು ದಾಖಲೆಗಳ ಹಂಬಲ ಸೇರಿರುವುದನ್ನು ಇಲ್ಲಿ ಗಮನಿಸಬಹುದು.

ದೈಹಿಕ ಶ್ರಮದ ಪ್ರಶ್ನೆ

ಹೆಚ್ಚಿನ ವಿವಾದ ಇರುವುದು ಇಲ್ಲಿಯೇ. 'ಬೆವರು ಬಾರದಿದ್ದರೆ ಕ್ರೀಡೆಯಲ್ಲ' ಎಂಬ ಜನಪ್ರಿಯ ಅಳತೆಗೋಲು ಬಹಳ ದೂರ ಸಾಗುವುದಿಲ್ಲ. ಗುರಿ ಹಿಡಿದ ಶೂಟರ್ ಆದಷ್ಟೂ ಅಲುಗಾಡದೆ ನಿಲ್ಲಲು ಶ್ರಮಿಸುತ್ತಾನೆ. ಆದರೂ ಶೂಟಿಂಗ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿಯೇ ಇತ್ತು. ಶ್ರಮ ಎಷ್ಟು ಎಂಬುದಕ್ಕಿಂತ, ಗೆಲುವನ್ನು ನಿರ್ಧರಿಸುವ ಕೆಲಸವನ್ನು ದೇಹವೇ ಮಾಡುತ್ತಿದೆಯೇ ಎಂದು ಕೇಳುವುದು ಹೆಚ್ಚು ಸಮಂಜಸ. ಬಿಲಿಯರ್ಡ್ಸ್‌ನಲ್ಲಿ ಯಾವ ಚೆಂಡಿಗೆ ಎಲ್ಲಿ ತಾಗಿಸಬೇಕೆಂಬುದು ಗೊತ್ತಿದ್ದರೂ ಕೈ ಒಂದಿಷ್ಟು ತಪ್ಪಿದರೆ ಆಟ ಕೆಡುತ್ತದೆ. ಬೆಂಗಳೂರಿನ ಪಂಕಜ್ ಅಡ್ವಾಣಿ ಆಡಬೇಕಾದ ಹೊಡೆತವನ್ನು ಅವರು ಹೇಳಿಕೊಟ್ಟಂತೆ ಇನ್ನೊಬ್ಬರು ಆಡಲಾರರು. ಚದುರಂಗದಲ್ಲಾದರೋ ಆಟಗಾರ ಹೇಳಿದ ನಡೆಯನ್ನು ಮತ್ತೊಬ್ಬರು ಕಾಯಿ ಸರಿಸಿ ಆಡಿಕೊಡಬಹುದು; ಅಂಚೆಯ ಮೂಲಕವೂ ಆಡಬಹುದು. ನಡೆಯ ಬೆಲೆ ಕಿಂಚಿತ್ತೂ ಬದಲಾಗುವುದಿಲ್ಲ.

ಈ ತರ್ಕದಂತೆ ಚದುರಂಗವು ಕ್ರೀಡೆಯಲ್ಲ. ಆದರೆ ಸಂಸ್ಥೆಗಳು ಬೇರೆ ದಾರಿ ಹಿಡಿದಿವೆ. 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾದಾಗಲೇ ಮೊದಲ ತಂಡದಲ್ಲಿ ಚದುರಂಗದ ಮ್ಯಾನ್ಯುಯೆಲ್ ಆರನ್ ಇದ್ದರು. ದೇಶದ ಅತ್ಯುನ್ನತ ಕ್ರೀಡಾ ಗೌರವವಾದ ಖೇಲ್ ರತ್ನದ ಮೊದಲ ಪುರಸ್ಕೃತರು ವಿಶ್ವನಾಥನ್ ಆನಂದ್. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ವಿಶ್ವ ಚೆಸ್ ಒಕ್ಕೂಟಕ್ಕೆ ಮನ್ನಣೆ ನೀಡಿತು. 2006ರ ದೋಹಾ ಏಷ್ಯನ್ ಕೂಟದಲ್ಲಿ ಚದುರಂಗಕ್ಕೆ ಪದಕಗಳಿದ್ದವು. ಆದರೂ ಒಲಿಂಪಿಕ್ ಪದಕಪಟ್ಟಿಯಲ್ಲಿ ಅದಕ್ಕೆ ಇನ್ನೂ ಸ್ಥಾನವಿಲ್ಲ.

ಬ್ರಿಜ್ ಆಟದ ಪ್ರಕರಣ ಇನ್ನೂ ಸ್ವಾರಸ್ಯಕರ. ಇಂಗ್ಲೆಂಡಿನ ಬ್ರಿಜ್ ಒಕ್ಕೂಟವು ತನ್ನ ಆಟವನ್ನು ಕ್ರೀಡೆಯೆಂದು ಪರಿಗಣಿಸದ ಸ್ಪೋರ್ಟ್ ಇಂಗ್ಲೆಂಡ್ ಸಂಸ್ಥೆಯ ನಿಲುವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ 2015ರಲ್ಲಿ ಸೋತಿತು. ಸ್ಪರ್ಧೆಗಳ ಪ್ರವೇಶ ಶುಲ್ಕದ ಮೇಲಿನ ತೆರಿಗೆಗೆ ಸಂಬಂಧಿಸಿದ ಇನ್ನೊಂದು ದಾವೆ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. ದೈಹಿಕ ಅಂಶ ನಗಣ್ಯವಾಗಿರುವ ಚಟುವಟಿಕೆ ತೆರಿಗೆ ಕಾನೂನಿನ ಮಟ್ಟಿಗೆ ಕ್ರೀಡೆಯಾಗದು ಎಂದು ಆ ನ್ಯಾಯಾಲಯ 2017ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಮರುವರ್ಷವೇ ಜಕಾರ್ತದ ಏಷ್ಯನ್ ಕೂಟದಲ್ಲಿ ಬ್ರಿಜ್ ಸೇರ್ಪಡೆಯಾಗಿ, ಪುರುಷರ ಜೋಡಿ ವಿಭಾಗದಲ್ಲಿ ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಚಿನ್ನದ ಪದಕ ಗೆದ್ದರು. ಬರ್ಧನ್ ಅವರಿಗೆ ಆಗ 60 ವರ್ಷ. ಲಂಡನ್ನಿನಲ್ಲಿ ಕ್ರೀಡೆಯಲ್ಲದ ಆಟ ಜಕಾರ್ತದಲ್ಲಿ ಕ್ರೀಡೆ.

ಅದೃಷ್ಟ ಮತ್ತು ಜೂಜು

ಅಂತಾರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಕೂಟವಾಗಿದ್ದ ಸ್ಪೋರ್ಟ್‌ಅಕಾರ್ಡ್ ರೂಪಿಸಿದ ವ್ಯಾಖ್ಯಾನದಲ್ಲಿ ದೈಹಿಕ ಶ್ರಮದ ಮಾತೇ ಇಲ್ಲ. ಸ್ಪರ್ಧೆ ಇರಬೇಕು, ಅದೃಷ್ಟದ ಅಂಶವನ್ನು ಬೇಕೆಂದೇ ಸೇರಿಸಿರಬಾರದು, ಆಟಗಾರರ ಆರೋಗ್ಯಕ್ಕೆ ಮಿತಿಮೀರಿದ ಅಪಾಯವಿರಬಾರದು, ಯಾವ ಜೀವಿಗೂ ಹಾನಿಯಾಗಬಾರದು, ಸಾಧನ ಸಾಮಗ್ರಿಗೆ ಒಬ್ಬನೇ ಪೂರೈಕೆದಾರನನ್ನು ಅವಲಂಬಿಸಿರಬಾರದು ಎಂಬುವು ಅದರ ಮುಖ್ಯ ಷರತ್ತುಗಳು. ಪಗಡೆ, ಚೌಕಾಬಾರಗಳು ಎರಡನೆಯ ಷರತ್ತಿನಲ್ಲಿಯೇ ಹೊರಗುಳಿಯುತ್ತವೆ, ದಾಳವೂ ಕವಡೆಯೂ ಆಟಗಾರನ ಮಾತು ಕೇಳುವುದಿಲ್ಲವಾದ್ದರಿಂದ. ಕ್ರಿಕೆಟಿನ ಟಾಸ್ ಕೂಡ ಅದೃಷ್ಟವೇ ಆಗಿದ್ದರೂ ಅದು ಆಟದ ಬಾಗಿಲಲ್ಲಿ ನಿಲ್ಲುತ್ತದೆ.

ಭಾರತದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎದುರಿಸಿರುವುದು ಕ್ರೀಡೆಗಿಂತ ಹೆಚ್ಚಾಗಿ ಜೂಜಿನ ಕಾನೂನಿನಲ್ಲಿ. ಎಲೆಗಳನ್ನು ನೆನಪಿಡುವ, ಹೊಂದಿಸುವ ಚಾತುರ್ಯ ಬೇಕಾಗುವುದರಿಂದ ರಮ್ಮಿಯು ಪ್ರಧಾನವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. 1996ರಲ್ಲಿ ಕುದುರೆ ಓಟಕ್ಕೂ ಅದೇ ಮಾತನ್ನು ಅನ್ವಯಿಸಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿದ್ದು ಇದೇ ತರ್ಕದ ಮುಂದುವರಿಕೆ. ಕೌಶಲದ ಆಟಗಳೆಲ್ಲ ಕ್ರೀಡೆಗಳು ಎಂಬುದು ಈ ತೀರ್ಪುಗಳ ಅರ್ಥವಲ್ಲ. ಅವು ಜೂಜಲ್ಲ ಎಂಬುದಷ್ಟೇ ಅಲ್ಲಿನ ವಿಚಾರ. ಎರಡನ್ನೂ ಬೆರೆಸಿ ಜಾಹೀರಾತು ನೀಡುವುದು ಮಾತ್ರ ಸಾಮಾನ್ಯವಾಗಿತ್ತು.

ಪ್ರಾಣಿ ಮತ್ತು ಯಂತ್ರ

ಗೆಲುವು ಮನುಷ್ಯನದೇ, ಕುದುರೆಯದೇ, ಎಂಜಿನ್ನಿನದೇ ಎಂಬ ಪ್ರಶ್ನೆಯೂ ಇದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೋಟಾರು ದೋಣಿಗಳ ಸ್ಪರ್ಧೆ ನಡೆದಿತ್ತು. ಪದಕದ ಸ್ಪರ್ಧೆಯಾಗಿ ಅದು ಮತ್ತೆ ಬರಲಿಲ್ಲ. ಕುದುರೆ ಸವಾರಿ ಉಳಿದಿದೆ.

ಕರಾವಳಿಯ ಕಂಬಳವು ಈ ಚರ್ಚೆಗೆ ಒಳ್ಳೆಯ ಉದಾಹರಣೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಇದನ್ನು 100 ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡು ಎಂದೂ, ಉಸೇನ್ ಬೋಲ್ಟ್ ಅವರ 9.58 ಸೆಕೆಂಡಿನ ವಿಶ್ವದಾಖಲೆಗಿಂತ ವೇಗವೆಂದೂ ಪತ್ರಿಕೆಗಳು ಬರೆದವು. ಹೋಲಿಕೆಯನ್ನು ಸ್ವತಃ ಗೌಡರೇ ಒಪ್ಪಲಿಲ್ಲ. ಅಥ್ಲೆಟಿಕ್ಸ್‌ನಲ್ಲಿ ಓಟಗಾರನ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಮಾನ್ಯವಾಗುವುದಿಲ್ಲ. ಹಾಗಿರುವಾಗ ಎರಡು ಕೋಣಗಳ ಎಳೆತವನ್ನು ಲೆಕ್ಕದಿಂದ ಬಿಡುವಂತಿಲ್ಲ. ಕೆಸರು ಗದ್ದೆಯಲ್ಲಿ ಅಂತಹ ಕೋಣಗಳ ವೇಗಕ್ಕೆ ಹೊಂದಿಕೊಂಡು ಓಡುವುದು ಬೇರೆಯೇ ಒಂದು ವಿದ್ಯೆ, ಅದಕ್ಕೆ ಬೋಲ್ಟರ ಹಂಗು ಬೇಕಿಲ್ಲ. ಕಂಬಳಕ್ಕೆ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಕನೆಹಲಗೆಯಲ್ಲಿ ನೋಡುವುದು ಚಿಮ್ಮಿದ ನೀರು ಎಷ್ಟು ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೆಂಬುದನ್ನು. ನಿಯಮ, ಅಳತೆ, ವಿಭಾಗ ಎಲ್ಲವೂ ಇರುವ ಈ ಸ್ಪರ್ಧೆಗೆ ತೊಡಕಾದದ್ದು ಪ್ರಾಣಿಹಿಂಸೆಯ ಪ್ರಶ್ನೆ. ಜಲ್ಲಿಕಟ್ಟು ಕುರಿತ 2014ರ ತೀರ್ಪಿನ ಬಳಿಕ ಕಂಬಳಕ್ಕೂ ತಡೆ ಬಂದಿತು. ಕರ್ನಾಟಕವು 2017ರಲ್ಲಿ ಮಾಡಿದ ಕಾನೂನು ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು.

ಕಲೆ ಮತ್ತು ತೀರ್ಪು

1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಸಾಹಿತ್ಯ, ಸಂಗೀತ, ಚಿತ್ರಕಲೆ, ಶಿಲ್ಪ, ವಾಸ್ತುಶಿಲ್ಪಗಳಿಗೂ ಪದಕಗಳಿದ್ದವು. ಅವು ಹೊರಹೋದರೂ ಸೌಂದರ್ಯವನ್ನು ತೂಗುವ ಕೆಲಸ ಜಿಮ್ನಾಸ್ಟಿಕ್ಸ್, ಡೈವಿಂಗ್‌ಗಳಲ್ಲಿ ಉಳಿಯಿತು. ಅಲ್ಲಿ ಗೆಲುವನ್ನು ಗಡಿಯಾರವಾಗಲಿ ಟೇಪಾಗಲಿ ಹೇಳುವುದಿಲ್ಲ, ತೀರ್ಪುಗಾರರು ಹೇಳುತ್ತಾರೆ. 1976ರ ಮಾಂಟ್ರಿಯಲ್‌ನಲ್ಲಿ ನಾಡಿಯಾ ಕೊಮನೆಚಿ ಪೂರ್ಣ 10 ಅಂಕ ಗಳಿಸಿದಾಗ ಫಲಕದಲ್ಲಿ 1.00 ಎಂದು ಮೂಡಿತು, ಏಕೆಂದರೆ ಅಷ್ಟು ಅಂಕ ತೋರಿಸಲು ಅದರಲ್ಲಿ ಅವಕಾಶವೇ ಇರಲಿಲ್ಲ. ಪ್ರತಿ ಚಲನೆಗೂ ಕಠಿಣತೆಯ ಮೌಲ್ಯ, ಪ್ರತಿ ದೋಷಕ್ಕೂ ಕಡಿತವನ್ನು ಮೊದಲೇ ಬರೆದಿಟ್ಟಿರುವುದರಿಂದ ಇವು ಕ್ರೀಡೆಗಳಾಗಿ ನಿಂತಿವೆ.

ಯಕ್ಷಗಾನದ ಜೋಡಾಟವನ್ನು ಇದರೊಡನೆ ಹೋಲಿಸಬಹುದು. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಹುರುಡು, ದೈಹಿಕ ಸಾಮರ್ಥ್ಯ, ಜನಸಂದಣಿ ಯಾವುದಕ್ಕೂ ಕೊರತೆಯಿಲ್ಲ. ಆದರೆ ಸುತ್ತುಗಳನ್ನು ಎಣಿಸಿ ಅಂಕ ಕೊಡುವ ನಿಯಮವಿಲ್ಲ, ಪಾತ್ರಧಾರಿ ನಿಂತಿರುವುದೂ ಕಥೆಗಾಗಿ. ಹೀಗಾಗಿ ಅದು ಕಲೆಯಾಗಿಯೇ ಉಳಿಯುತ್ತದೆ. ಯೋಗಾಸನ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದಿದೆ. ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಅದನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿತು. ಮಾನ್ಯತೆ ಸಿಕ್ಕಿರುವುದು ಆಸನಗಳಿಗೆ. ಧ್ಯಾನಕ್ಕೆ ಅಂಕ ನೀಡುವ ವಿಧಾನವನ್ನು ಯಾರೂ ಸೂಚಿಸಿಲ್ಲ.

ಇ-ಕ್ರೀಡೆ

ವಿಡಿಯೊ ಗೇಮ್‌ಗಳ ಸ್ಪರ್ಧೆಗಳಲ್ಲಿ ಬೆರಳುಗಳ ವೇಗ, ಕಣ್ಣು-ಕೈಗಳ ಹೊಂದಾಣಿಕೆ ನಿರ್ಣಾಯಕವಾಗಿವೆ. ಆ ಮಟ್ಟಿಗೆ ಅವು ಚದುರಂಗಕ್ಕಿಂತಲೂ ದೈಹಿಕ. ನಿಜವಾದ ತೊಡಕು ಒಡೆತನದ್ದು. ಕಬಡ್ಡಿಗೆ ಮಾಲೀಕರಿಲ್ಲ, ಪ್ರತಿ ವಿಡಿಯೊ ಗೇಮಿಗೂ ಒಂದು ಕಂಪನಿ ಇದೆ. ನಿಯಮ ಬದಲಿಸುವ ಅಧಿಕಾರ, ಆಟವನ್ನೇ ಹಿಂತೆಗೆದುಕೊಳ್ಳುವ ಅಧಿಕಾರ ಅದರದು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಭಾರತದಲ್ಲಿ ನಿಷೇಧಗೊಂಡಾಗ ಅದನ್ನೇ ನೆಚ್ಚಿದ್ದ ಸ್ಪರ್ಧಿಗಳ ಅಂಗಳವೇ ಇಲ್ಲವಾಯಿತು.

ಜಕಾರ್ತದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಇ-ಕ್ರೀಡೆಗೆ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಪದಕಗಳು ದೊರೆತವು. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ಅದನ್ನು ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದು, ಆನ್‌ಲೈನ್ ಗೇಮಿಂಗನ್ನು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ವಹಿಸಲಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಇ-ಕ್ರೀಡೆ, ಸಾಮಾಜಿಕ ಆಟ, ಹಣದ ಆಟ ಎಂದು ಮೂರು ವರ್ಗಗಳನ್ನು ಮಾಡಿ, ಕೌಶಲವಿರಲಿ ಅದೃಷ್ಟವಿರಲಿ, ಹಣದ ಆಟಗಳೆಲ್ಲವನ್ನೂ ನಿಷೇಧಿಸಿದೆ. ಇದರಿಂದಾಗಿ ರಮ್ಮಿ ಪ್ರಕರಣದಿಂದ ಬಂದ ಕೌಶಲದ ವಾದವು ಆನ್‌ಲೈನ್ ಹಣದ ಆಟಗಳಿಗೆ ರಕ್ಷಣೆಯಾಗಿ ಉಳಿದಿಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಒಂದು ಕರ್ನಾಟಕ ಹೈಕೋರ್ಟಿನಲ್ಲಿ ದಾಖಲಾಗಿ, ಬಳಿಕ ಇಂತಹ ಅರ್ಜಿಗಳು ಸುಪ್ರೀಂ ಕೋರ್ಟಿಗೆ ವರ್ಗಾವಣೆಗೊಂಡವು.